ಮೇಜರ್ ಹೇಳಿದ ಡಿಗ್ರಿ

ಆ ತುಕಡಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ಆಯ್ತುಸಾರ್’ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತಿತ್ತು, ಅದಕ್ಕೂ ಅವನು ಒಮ್ಮೊಮ್ಮೆ ತಡವಾಗಿ ಓಗೊಡುತ್ತಿದ್ದ. ಮೀಸೆ ಚಿಗುರುವ ವಯಸ್ಸಿಗೇ ಸೇನೆ ಸೇರಿದವನು. ಏನು ತೊಡಬೇಕು, ಯಾವಾಗ ಏಳಬೇಕು, ತಲೆಯ ಮೇಲೆ ಎಷ್ಟು ಕೂದಲಿರಬೇಕು, ಎಲ್ಲವನ್ನೂ ಬೇರೆಯವರೇ ಗೊತ್ತುಮಾಡುತ್ತಿದ್ದರು. ಅವನಿಗೆ ಅದರಲ್ಲಿ ಒಂಚೂರೂ ಬೇಸರವಿರಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ, ಹೊಟ್ಟೆ ತುಂಬ ಉಂಡು, ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ ಹೊಡೆಯುವ ಪುಣ್ಯವಂತ.

ಅವನ ಪಾಲಿನ ಕೆಲಸ ನೀರಿನದು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮೆಸ್ಸಿನ ಹಿಂದಿನ ಕಬ್ಬಿಣದ ಏಣಿ ಹತ್ತಿ, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಕಲಸಿ ಹಾಕಬೇಕು. ಸ್ವಲ್ಪ ಹೊತ್ತು ಬಿಟ್ಟು ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಹಾಕಿ ನೋಡಬೇಕು. ತಿಳಿ ಹಳದಿಗೆ ತಿರುಗಿದರೆ ಕುಡಿಯಬಹುದು, ತಿರುಗದಿದ್ದರೆ ಇನ್ನಷ್ಟು ಪುಡಿ. ಅವನು ಕೆಳಗಿಳಿದು ಕೈ ಬೀಸುವ ತನಕ ಹೆಡ್ ಕುಕ್ ಒಲೆ ಹಚ್ಚುತ್ತಿರಲಿಲ್ಲ.

ಇಂಥವನಿಗೊಂದು ಸಂಕಟ ಬಂತು. ಸೇವೆಯಲ್ಲಿರುವವರು ಪಕ್ಕದ ಊರಿನ ಕಾಲೇಜಿನಲ್ಲಿ ಡಿಗ್ರಿ ಓದಬಹುದು, ಖರ್ಚು ಸೇನೆಯದು ಎಂಬ ಆದೇಶ ಹೊರಟಿತು. ಇನ್ನು ಕೆಲವೇ ವರ್ಷಕ್ಕೆ ಸಮವಸ್ತ್ರ ಕಳಚಿಟ್ಟು ಮನೆಗೆ ಹೋಗಬೇಕಾದವನು ಅವನು. ಹೊರಗೆ ಕೆಲಸ ಕೇಳಿಕೊಂಡು ಹೋದರೆ ಮೊದಲು ಕೇಳುವುದೇ ಡಿಗ್ರಿ. ಓದಲೇಬೇಕು, ಸರಿ. ಆದರೆ ಏನನ್ನು ಓದುವುದು? ಅದನ್ನು ಮಾತ್ರ ಆದೇಶದಲ್ಲಿ ಬರೆದಿರಲಿಲ್ಲ.

“ಅಣ್ಣ, ಯಾವ ಡಿಗ್ರಿ ತಗೊಳ್ಳಲಿ?” ಎಂದು ಹೆಡ್ ಕುಕ್ಕನ್ನು ಕೇಳಿದ.

“ಪಾಸಾಗೋದು ತಗೋ ತಮ್ಮ,” ಎಂದ ಆತ, ಹಿಟ್ಟಿನಿಂದ ಕೈ ತೆಗೆಯದೆ.

ಆಫೀಸಿನ ಗುಮಾಸ್ತ ಕಾಮರ್ಸ್ ಎಂದ. ಅದೇ ಸಂಜೆ ವಾಲಿಬಾಲ್ ಆಟದ ನಡುವೆ ಬೆವರೊರೆಸಿಕೊಳ್ಳುತ್ತ ನಿಂತಿದ್ದ ಮೇಜರ್ ಕಿವಿಗೂ ವಿಷಯ ಬಿತ್ತು. “ಹಿಸ್ಟರಿ ತಗೊಳ್ಳಯ್ಯ! ನೀನು ಏನು ಬರೆದ್ರೂ ಸತ್ತೋರು ಎದ್ದು ಬಂದು ತಪ್ಪು ಅನ್ನಲ್ಲ,” ಎಂದರು. ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇವನೊಬ್ಬ ನಗಲಿಲ್ಲ. ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದ. ಸಲಹೆಯನ್ನೂ ಹೇಳಿದವರ ಹುದ್ದೆಯ ಮೇಲೆ ತೂಗುವುದು ಅವನಿಗೆ ರಕ್ತಗತವಾಗಿತ್ತು, ಮೇಜರ್ ಬಾಯಿಂದ ಬಂದ ಮೇಲೆ ಇನ್ನು ಯೋಚಿಸುವುದೇನು ಬಂತು?

ವಾರ ಕಳೆಯುವುದರೊಳಗೆ ಪುಸ್ತಕದ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮೇಜರ್ ಮೇಜಿನ ಮುಂದೆ ನಿಂತ.

“ಹಿಸ್ಟರಿ ಸೇರಿದೀನಿ ಸಾರ್. ಆರ್ಡರ್ ಪೂರ್ತಿ ಆಯ್ತು.”

“ಯಾವ ಆರ್ಡರ್?”

ಇವನು ವಿವರಿಸಿದ. ಮೇಜರ್ ಮೊದಲು ಗಟ್ಟಿಯಾಗಿ ನಕ್ಕರು. ಇವನ ಮುಖ ನೋಡಿದ ಮೇಲೆ ನಗು ಅಲ್ಲಿಗೇ ನಿಂತಿತು. ಎದ್ದು ಬಂದು, ತಾವೇ ಒಂದು ಕುರ್ಚಿ ಎಳೆದು ಅವನನ್ನು ಕೂರಿಸಿದರು.

“ಅದು ತಮಾಷೆ ಕಣಯ್ಯ. ತಪ್ಪು ನಂದೇ. ಹೋಗಲಿ, ನಿನಗೇನು ಓದ್ಬೇಕು ಅಂತಿದೆ?”

“ತಾವು ಹೇಳಿದ್ದೇ ಸಾರ್,” ಎಂದ ಇವನು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

“ಬದಲಾಯಿಸೋಕೆ ನಾಳೆವರೆಗೂ ಅವಕಾಶ ಇದೆಯಂತೆ. ನಾಳೆ ಬಂದು, ನಿನಗೇನು ಬೇಕು ಅಂತ ನನಗೆ ಹೇಳ್ಬೇಕು. ಇದು ನಿಜವಾದ ಆರ್ಡರ್!”

ಆಸೆ ಪಡು ಎಂದು ಆರ್ಡರ್ ಹೊರಡಿಸಿದರೆ ಪಾಪದ ಸಿಪಾಯಿ ಏನು ಮಾಡಬೇಕು? ಇವನು ಹೆಂಡತಿಗೆ ಫೋನು ಮಾಡಿದ.

“ಅಯ್ಯೋ, ಇದಕ್ಕೆ ಇಷ್ಟೊಂದು ತಲೆ ಕೆಡಿಸ್ಕೋಬೇಕಾ?” ಎಂದಳು ಅವಳು. “ರಜಕ್ಕೆ ಬಂದಾಗ ನೀವೇನು ಮಾತಾಡ್ತೀರಾ ಹೇಳಿ. ಬರೀ ನೀರು! ನಲ್ಲಿ ಬಿಟ್ಟು ನೋಡ್ತೀರಾ, ಪಕ್ಕದ ಮನೆಯೋರ ಬಿಂದಿಗೆಗೂ ಹನಿ ಹಾಕ್ತೀರಾ. ನಮ್ಮಮ್ಮ ನಿಮ್ಮನ್ನ ಕಂಡ್ರೆ ಕೊಡ ಮುಚ್ಚಿಡ್ತಾರೆ. ಯಾಕೆ ಹಳದಿ ಆಗುತ್ತೆ, ಯಾಕೆ ಹಳದಿ ಆಗುತ್ತೆ ಅಂತ ನನ್ನ ತಲೆ ತಿಂದಿದ್ದು ಮರೆತೋಯ್ತಾ? ಅದನ್ನ ಹೇಳಿಕೊಡೋ ಡಿಗ್ರಿ ಯಾವುದೋ ಅದಕ್ಕೆ ಸೇರ್ಕೊಳ್ರೀ.”

ಫೋನು ಇಟ್ಟವನೇ ವಾಪಸು ಕೊಡಲು ಹಿಸ್ಟರಿ ಪುಸ್ತಕಗಳನ್ನು ಮತ್ತೆ ಕಟ್ಟು ಕಟ್ಟಿದ. ತನ್ನನ್ನು ಇಷ್ಟು ಬಲ್ಲವಳೊಬ್ಬಳು ಇದ್ದಾಳಲ್ಲ ಎಂದು ಎದೆ ತುಂಬಿ ಬಂದಿತ್ತು.

ಮರುದಿನ ಮೇಜರ್ ಮುಂದೆ “ಕೆಮಿಸ್ಟ್ರಿ ಸಾರ್” ಎಂದ. ಅವರು ಹಣೆ ಉಜ್ಜಿಕೊಂಡರು. ಕೆಮಿಸ್ಟ್ರಿ ಎಂದರೆ ಪ್ರತಿ ಶನಿವಾರ ಬೆಳಗ್ಗೆ ಕಾಲೇಜಿನ ಕ್ಲಾಸಿಗೂ ಲ್ಯಾಬಿಗೂ ಹೋಗಲೇಬೇಕು. ಅವತ್ತು ನೀರು ನೋಡುವವರು ಯಾರು?

“ಕಷ್ಟ ಕಣಯ್ಯ. ಹಿಸ್ಟರಿ ಆದ್ರೆ ಕೂತಲ್ಲೇ ಓದಿ ಮುಗಿಸ್ಬಹುದು. ಅದೇ ಇರಲಿ ಬಿಡು.”

ಸೆಲ್ಯೂಟ್ ಹೊಡೆಯಲು ಕೈ ತಾನಾಗಿಯೇ ಅರ್ಧ ಎದ್ದಿತು. ಅಷ್ಟಕ್ಕೇ ನಿಂತಿತು.

“ಇಲ್ಲ ಸಾರ್,” ಎಂದ. “ನನಗೆ ಅದೇ ಬೇಕು.”

ಮೇಜರ್ ಹೆಡ್ ಕುಕ್ಕಿಗೆ ಹೇಳಿಕಳಿಸಿದರು. ಶನಿವಾರ ಏಣಿ ಹತ್ತಲು ಯಾರನ್ನು ಹಾಕುವುದು ಎಂದು ಕೇಳಿದ್ದೇ ತಡ, ಆತ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ.

“ನಾನೇ ಹತ್ತೀನಿ ಸಾರ್. ನನ್ನ ಊಟ ಉಂಡು ಇದುವರೆಗೂ ಒಬ್ಬನೂ ಹೊಟ್ಟೆ ಹಿಡ್ಕೊಂಡು ಮಲಗಿಲ್ಲ. ಎಲ್ಲರೂ ನನ್ನ ಕೈಗುಣ ಅಂತಾರೆ. ಅರ್ಧ ಇವನ ನೀರಿನ ಗುಣ. ಅದನ್ನ ಬಾಯಿಬಿಟ್ಟು ಹೇಳೋಕೆ ನನಗೂ ಇವತ್ತೇ ಆಗಿದ್ದು.” ಹಾಗೆಂದು ಇವನ ಬೆನ್ನಿಗೊಂದು ಗುದ್ದಿದ, ಸ್ವಲ್ಪ ಜೋರಾಗಿಯೇ.

ಆಯ್ತುಸಾರ್ ಎಡವಿ ಬಿದ್ದು ಎದ್ದು ಆ ಡಿಗ್ರಿ ಮುಗಿಸಿದ. ಗಣಿತದಲ್ಲಿ ಒಮ್ಮೆ ಡುಮ್ಕಿಯನ್ನೂ ಹೊಡೆದ. ಈಗ ಊರಿಗೆಲ್ಲ ನೀರು ಬಿಡುವ ಕಚೇರಿಯ ಲ್ಯಾಬಿನಲ್ಲಿದ್ದಾನೆ. ಮೇಜರ್ ಎಳೆದ ಕುರ್ಚಿಯನ್ನೂ ಕುಕ್ಕಣ್ಣನ ಗುದ್ದನ್ನೂ ನೆನೆಯದೆ ಅವನ ಮಾತು ಮುಗಿಯುವುದಿಲ್ಲ, ಅವರ ಋಣ ಈ ಜನ್ಮದಲ್ಲಿ ತೀರದು ಎನ್ನುತ್ತಾನೆ. ಆದರೆ ಬಿಡಿಸಿ ಬಿಡಿಸಿ ಹೇಳುವುದು ಮೊದಲ ಶನಿವಾರದ ಕತೆಯನ್ನು.

ಅವತ್ತು ತನ್ನ ಅರ್ಧ ವಯಸ್ಸಿನ ಹುಡುಗ ಹುಡುಗಿಯರ ನಡುವೆ ಹಿಂದಿನ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದನಂತೆ. ಪಾಠದ ನಡುವೆ ಧೈರ್ಯ ತಂದುಕೊಂಡು ಎದ್ದು ನಿಂತು, “ಹನಿ ಹಾಕಿದ್ರೆ ನೀರು ಹಳದಿ ಯಾಕಾಗುತ್ತೆ ಮೇಡಂ?” ಎಂದು ಕೇಳಿಯೇಬಿಟ್ಟನಂತೆ. ಕ್ಲಾಸು ಬಿಟ್ಟ ಮೇಲೆ ಗೇಟಿನ ಹತ್ತಿರ ನಿಂತು ಹೆಂಡತಿಗೆ ಫೋನು ಮಾಡಿದ.

“ಪ್ರಶ್ನೆ ಕೇಳ್ದೆ ಕಣೇ.”

“ಬೈದ್ರಾ?” ಅವಳ ದನಿಯಲ್ಲಿ ಗಾಬರಿಯಿತ್ತು.

“ಇಲ್ಲ. ಪಾಠ ನಿಲ್ಲಿಸಿ, ಬೋರ್ಡೆಲ್ಲ ಒರೆಸಿ, ನನಗೋಸ್ಕರ ಮೊದಲಿಂದ ಹೇಳಿದ್ರು,” ಎಂದ.