ತುಟಿ ಒಬ್ಬಳದು, ಮಾತು ಇನ್ನೊಬ್ಬಳದು

ನನ್ನ ತಂಗಿಯ ಮಗಳನ್ನು ಚಿಕ್ಕಂದಿನಿಂದ ಎಲ್ಲರೂ ಟೀಚರಮ್ಮ ಅಂತಲೇ ಕರೆಯುತ್ತಿದ್ದುದು. ಕೇಳಿದರೂ ಹೇಳಿಕೊಡುತ್ತಿದ್ದಳು, ಕೇಳದಿದ್ದರೂ ಹೇಳಿಕೊಡುತ್ತಿದ್ದಳು. ಆದರೆ ಅವಳು ಟೀಚರ್ ಆಗಲಿಲ್ಲ. ಕಂಪ್ಯೂಟರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿದಳು. ಅಂದರೆ ಏನಮ್ಮ ಅಂತ ನಾನು ಒಮ್ಮೆ ಕೇಳಿದ್ದೆ. "ಬೇರೆಯವರು ಮಾಡಿದ ಪ್ರೋಗ್ರಾಮಿನಲ್ಲಿ ಎಲ್ಲಿ ತಪ್ಪಿದೆ ಅಂತ ಹುಡುಕೋದು ದೊಡ್ಡಮ್ಮ" ಅಂದಳು. "ಅಷ್ಟೇನಾ, ಅದನ್ನ ನಮ್ಮತ್ತೆ ಸಂಬಳ ಇಲ್ಲದೇ ಮಾಡ್ತಿದ್ರು" ಅಂದೆ. ಅವಳು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಒಂಬತ್ತು ವರ್ಷ ಆ ಕೆಲಸದಲ್ಲಿದ್ದಳು. ಒಳ್ಳೆಯ ಹೆಸರಿತ್ತು. ಆಮೇಲೆ ನನ್ನ ತಂಗಿಗೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಯಿತು. ಟೀಚರಮ್ಮನಿಗೆ ತಂದೆ ಇಲ್ಲ, ಒಡಹುಟ್ಟಿದವರಿಲ್ಲ, ಮದುವೆ ಅವಳೇ ಬೇಡ ಅಂದಿದ್ದಳು. ನೋಡಿಕೊಳ್ಳಲು ನಾನು ಬಂದೆ. ಆದರೆ ನನ್ನ ಮಂಡಿಯೇ ನನ್ನ ಮಾತು ಕೇಳುವುದಿಲ್ಲ, ಮಲಗಿದವಳನ್ನು ಎತ್ತಿ ಮಗ್ಗುಲು ಬದಲಾಯಿಸುವುದು ಎಲ್ಲಿಂದ ಬರಬೇಕು? ನಾನೇ ಹೇಳಿದೆ, "ಸದ್ಯಕ್ಕೆ ಬಿಟ್ಟುಬಿಡೇ ಕೆಲಸಾನ. ಕೆಲಸ ಎಲ್ಲೂ ಓಡಿಹೋಗಲ್ಲ. ನಿನ್ನಂಥ ಬುದ್ಧಿವಂತೆಗೆ ಯಾವಾಗ ಬೇಕಾದ್ರೂ ಸಿಗುತ್ತೆ." ಹೀಗೆ ಹೇಳಿದವಳು ನಾನೇ. ಇದನ್ನು ಬರೆಯದೆ ಉಳಿದದ್ದು ಬರೆದರೆ ಸುಳ್ಳಾಗುತ್ತದೆ.

ತಂಗಿ ಐದು ವರ್ಷ ಮೂರು ತಿಂಗಳು ಮಲಗಿದ್ದಳು. ಬೆನ್ನಿನ ಮೇಲೆ ಒಂದು ಹುಣ್ಣು ಏಳದ ಹಾಗೆ ಮಗಳು ನೋಡಿಕೊಂಡಳು. ತಂಗಿ ಹೋದ ಮೇಲೆ ಒಂದು ತಿಂಗಳು ಸುಮ್ಮನಿದ್ದು, ಟೀಚರಮ್ಮ ಕೆಲಸ ಹುಡುಕಲು ಕೂತಳು.

ಈಗಿನ ಇಂಟರ್‌ವ್ಯೂ ಎಲ್ಲ ಮನೆಯಲ್ಲೇ, ಕಂಪ್ಯೂಟರ್ ಮುಂದೆ. ನಮ್ಮದು ಒಂದು ರೂಮು, ಒಂದು ಅಡುಗೆಮನೆ. ನಾನು ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದೆ. ಭಾಷೆ ಪೂರ್ತಿ ಅರ್ಥವಾಗದಿದ್ದರೂ ದನಿ ಅರ್ಥವಾಗುತ್ತದೆ. ಅರ್ಧ ಗಂಟೆ ಚೆನ್ನಾಗಿ ನಡೆಯುತ್ತಿತ್ತು. ಆಚೆಯವರು "ಗುಡ್, ಗುಡ್" ಅನ್ನುತ್ತಿದ್ದರು. ಕೊನೆಗೆ ಒಂದು ಪ್ರಶ್ನೆ ಬರುತ್ತಿತ್ತು. ಈ ಐದು ವರ್ಷ ಏನು ಮಾಡ್ತಿದ್ರಿ? ಇವಳು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು. ಆಗ ಆಚೆಯವರ ದನಿ ಮೆತ್ತಗಾಗುತ್ತಿತ್ತು. ಮೆತ್ತಗಾಯಿತು ಅಂದರೆ ಮುಗಿಯಿತು ಅಂತ ನನಗೆ ನಾಲ್ಕನೇ ಸಲಕ್ಕೇ ಗೊತ್ತಾಯಿತು. ಅವಳಿಗೆ ಗೊತ್ತಾಗಲು ವರ್ಷವೇ ಹಿಡಿಯಿತು.

"ಅಮ್ಮನ್ನ ನೋಡ್ಕೊಂಡೆ ಅಂದ್ರೆ ಅಯ್ಯೋ ಪಾಪ ಅಂತಾರೆ. ಅಯ್ಯೋ ಪಾಪ ಅಂದವರ್‍ಯಾರೂ ಕೆಲಸ ಕೊಡಲ್ಲ ದೊಡ್ಡಮ್ಮ."

"ಸುಳ್ಳು ಹೇಳು ಮತ್ತೆ."

"ಸುಳ್ಳಿಗೆ ಸರ್ಟಿಫಿಕೇಟ್ ಬೇಕು."

ಕೆಲಸ ಕೊಡಿಸುವ ಏಜೆಂಟ್ ಒಬ್ಬ ಫೋನ್ ಮಾಡಿದ್ದು ಆ ದಿನಗಳಲ್ಲೇ. ಇವಳ ಹೆಸರು, ಇವಳ ಇಂಟರ್‌ವ್ಯೂ ವಿಷಯ ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಸ್ಪೀಕರ್ ಹಾಕಿದ್ದಳು, ಹಾಗಾಗಿ ಅವನ ಮಾತು ನಾನೂ ಕೇಳಿಸಿಕೊಂಡೆ. "ಮೇಡಂ, ನಿಮ್ಮ ಉತ್ತರ ಚೆನ್ನಾಗಿದೆ, ರೆಸ್ಯೂಮೆ ಚೆನ್ನಾಗಿಲ್ಲ. ನನ್ನ ಹತ್ರ ರೆಸ್ಯೂಮೆ ಚೆನ್ನಾಗಿರೋ ಹುಡುಗೀರಿದ್ದಾರೆ, ಉತ್ತರ ಬರಲ್ಲ. ಎರಡನ್ನೂ ಜೋಡಿಸಿದ್ರೆ ಎಲ್ಲರಿಗೂ ಒಳ್ಳೇದಲ್ವಾ?"

ಅವನು ಜೋಡಿಸುವ ರೀತಿ ಹೀಗೆ. ಹುಡುಗಿ ಅವಳ ಮನೆಯಲ್ಲಿ ಕ್ಯಾಮೆರಾ ಮುಂದೆ ಅಲಂಕಾರ ಮಾಡಿಕೊಂಡು ಕೂರುತ್ತಾಳೆ. ನಮ್ಮವಳು ನಮ್ಮ ಮನೆಯಲ್ಲಿ ಫೋನ್ ಹಿಡಿದು ಕೂರುತ್ತಾಳೆ. ಪ್ರಶ್ನೆ ಇಲ್ಲಿಗೂ ಕೇಳಿಸುತ್ತದೆ. ಉತ್ತರ ಇವಳು ಹೇಳುತ್ತಾಳೆ. ಅಲ್ಲಿ ಕಂಪ್ಯೂಟರಿನ ಹಿಂದೆ ಇಟ್ಟ ಚಿಕ್ಕ ಸ್ಪೀಕರಿನಿಂದ ಆ ಮಾತು ಹೊರಡುತ್ತದೆ. ಹುಡುಗಿ ಬರೀ ತುಟಿ ಅಲ್ಲಾಡಿಸುತ್ತಾಳೆ.

ಟೀಚರಮ್ಮ ಮೂರು ದಿನ ಒಲ್ಲೆ ಅಂದಳು. ನಾಲ್ಕನೇ ದಿನ ಅಭ್ಯಾಸಕ್ಕೆ ಅಂತ ಒಬ್ಬ ಹುಡುಗಿ ನಮ್ಮ ಮನೆಗೇ ಬಂದಳು. ಇಪ್ಪತ್ತಮೂರರ ವಯಸ್ಸು, ಗುಬ್ಬಚ್ಚಿಯಂಥ ಕಣ್ಣು. ನಾನು ಅವಳಿಗೆ ತುಟಿ ಹುಡುಗಿ ಅಂತ ಹೆಸರಿಟ್ಟೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಇವಳು ಅಡುಗೆಮನೆ ಬಾಗಿಲ ಪರದೆಯ ಹಿಂದೆ ನಿಂತು ಮಾತಾಡಿದಳು. ಸರಿಯಾಗಿ ಕೂಡುತ್ತದೋ ಇಲ್ಲವೋ ನೋಡಲು ನನ್ನನ್ನು ಎದುರಿಗೆ ಕೂರಿಸಿದರು.

"ಹೇಗಿದೆ ದೊಡ್ಡಮ್ಮ?"

"ತುಟಿ ಅಲ್ಲಾಡುತ್ತೆ, ಗಂಟಲು ಅಲ್ಲಾಡಲ್ಲ. ಮೀನು ನೀರಲ್ಲಿ ಬಾಯಿ ಬಿಟ್ಟ ಹಾಗಿದೆ."

ಹುಡುಗಿ ಅಳುಮುಖ ಮಾಡಿದಳು. "ಅಜ್ಜಿ, ನಂಗೆ ಈ ಕೆಲಸ ಸಿಗದಿದ್ರೆ ಮನೇಲಿ ಕುತ್ತಿಗೆ ಹಿಡಿದು ಮದುವೆ ಮಾಡ್ತಾರೆ."

"ಹಾಗಾದ್ರೆ ಕುತ್ತಿಗೆಗೆ ಒಂದು ದುಪಟ್ಟಾ ಸುತ್ಕೊ. ಗಂಟಲು ಕಾಣಲ್ಲ."

ಇಬ್ಬರೂ ನಕ್ಕರು. ನಾನೂ ನಕ್ಕೆ. ದುಪಟ್ಟಾ ನನ್ನ ಉಪಾಯ. ಇನ್ನೊಂದು ಉಪಾಯ ಟೀಚರಮ್ಮ ಹೇಳಿಕೊಟ್ಟಳು. ಪ್ರಶ್ನೆ ಬಂದ ಮೇಲೆ ಇಬ್ಬರೂ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುವುದು. ಮೂರಾದ ಮೇಲೆ ಇವಳು ಮಾತು, ಅವಳು ತುಟಿ. ಇವಳು ನಿಧಾನವಾಗಿ, ಏರಿಳಿತ ಇಲ್ಲದೆ ಮಾತಾಡಬೇಕು. ಆಗ ಹಿಂದೆ ಮುಂದೆ ಆದರೂ ಗೊತ್ತಾಗುವುದಿಲ್ಲ.

ತುಟಿ ಹುಡುಗಿಗೆ ಕೆಲಸ ಸಿಕ್ಕಿತು. ಅವಳ ಹಿಂದೆ ಇನ್ನೂ ಮೂವರಿಗೆ ಸಿಕ್ಕಿತು. ಒಂದು ಬಾಯಿಂದ ನಾಲ್ಕು ಮನೆಗೆ ಸಂಬಳ ಬಂತು. ಏಜೆಂಟ್ ಇವಳ ಕೈಗೂ ಏನೋ ಕೊಡುತ್ತಿದ್ದ, ಮನೆ ನಡೆಯುತ್ತಿತ್ತು. ನಡುನಡುವೆ ಇವಳು ತನ್ನ ಹೆಸರಿನಲ್ಲೂ ಇಂಟರ್‌ವ್ಯೂಗೆ ಕೂರುತ್ತಿದ್ದಳು. ಅದೇ ಪ್ರಶ್ನೆಗಳು, ಅದೇ ಉತ್ತರ. ಬೇರೆ ಹೆಸರಿನಲ್ಲಿ ಹೇಳಿದರೆ ಕೆಲಸ, ಸ್ವಂತ ಹೆಸರಿನಲ್ಲಿ ಹೇಳಿದರೆ ಅಯ್ಯೋ ಪಾಪ.

ಕೆಲಸ ಸಿಗುವುದು ಒಂದು, ಉಳಿಸಿಕೊಳ್ಳುವುದು ಇನ್ನೊಂದು. ಸೇರಿದ ವಾರವೇ ತುಟಿ ಹುಡುಗಿ ಫೋನ್ ಮಾಡಿದಳು. "ಅಕ್ಕ, ಏನೋ ಕೊಟ್ಟಿದ್ದಾರೆ, ತಲೆ ಬುಡ ಗೊತ್ತಾಗ್ತಿಲ್ಲ." ಆಮೇಲೆ ಅದು ದಿನದ ಪಾಠವಾಯಿತು. ಮಧ್ಯಾಹ್ನ ಊಟವಾದ ಮೇಲೆ ಅವಳ ಕಂಪ್ಯೂಟರಿನಲ್ಲಿ ಇರುವುದೆಲ್ಲ ಇವಳ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಇವಳು ತಪ್ಪು ಹುಡುಕಿ ಪಟ್ಟಿ ಮಾಡಿ ಕೊಡುತ್ತಿದ್ದಳು. ಮೊದಮೊದಲು ಹೇಳಿಕೊಟ್ಟು ಮಾಡಿಸುತ್ತಿದ್ದಳು. ಹುಡುಗಿಗೆ ಕಲಿಯುವ ಮನಸ್ಸೂ ಇತ್ತು. ಆದರೆ ಹೇಳಿಕೊಡಲು ಎರಡು ಗಂಟೆ, ತಾನೇ ಮಾಡಲು ಅರ್ಧ ಗಂಟೆ. ಅರ್ಧ ಗಂಟೆಯದೇ ಅಭ್ಯಾಸವಾಗಿಹೋಯಿತು. ಎರಡು ವರ್ಷದಲ್ಲಿ ಆ ಹುಡುಗಿ ಟೀಮ್ ಲೀಡ್ ಆದಳು. ಇಷ್ಟು ಸಣ್ಣ ತಪ್ಪನ್ನೂ ಬಿಡದೆ ಹುಡುಕುವವರನ್ನು ನಾವು ಕಂಡಿಲ್ಲ ಅಂತ ಅವಳ ಸಾಹೇಬರು ಹೊಗಳಿದರಂತೆ. ಹುಡುಗಿ ಅದನ್ನು ಖುಷಿಯಿಂದಲೇ ಹೇಳಿದಳು, "ಅಕ್ಕ, ಇದು ನಿಮಗೇ ಸೇರಬೇಕು."

"ಸೇರಬೇಕು ಅಂದ್ರೆ ನನ್ನನ್ನೇ ಅಲ್ಲಿಗೆ ಸೇರಿಸು" ಅಂದಳು ಟೀಚರಮ್ಮ. ತಮಾಷೆಯ ಹಾಗೇ ಶುರು ಮಾಡಿದ್ದು. ಆಮೇಲೆ ದನಿ ತಗ್ಗಿತು. "ನಿಜವಾಗ್ಲೂ ಕೇಳ್ತಿದ್ದೀನಿ ಕಣೆ. ನಿಮ್ಮಲ್ಲಿ ಜಾಗ ಇದೆ ಅಂದಿದ್ಯಲ್ಲ. ನನ್ನ ರೆಸ್ಯೂಮೆ ಕೊಡು. ಒಳಗಿನವರೊಬ್ಬರು ಹೇಳಿದ್ರೆ ಮಧ್ಯೆ ಕೆಲಸ ಬಿಟ್ಟ ಗ್ಯಾಪ್ ಅಷ್ಟು ನೋಡಲ್ವಂತೆ."

ಆ ಕಡೆ ಹುಡುಗಿ ಸರಿಯಾಗಿ ಕೇಳಿಸಲಿಲ್ಲ ಅಂತ ಇನ್ನೊಮ್ಮೆ ಹೇಳಿಸಿದಳು. ಆಮೇಲೆ, "ಖಂಡಿತ ಅಕ್ಕ, ಅದಕ್ಕೇನು" ಅಂದಳು.

ರೆಸ್ಯೂಮೆ ಕೊಟ್ಟದ್ದು ನಿಜ. ಹತ್ತು ದಿನಕ್ಕೆ ಇಂಟರ್‌ವ್ಯೂ ಗೊತ್ತಾಯಿತು. ಟೀಚರಮ್ಮ ಹಿಂದಿನ ದಿನ ಕೂದಲು ಕತ್ತರಿಸಿಕೊಂಡು ಬಂದಳು. ಆ ದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಹೊರಟರೆ ಕೈ ಹಿಡಿದು ಮಂಚದ ಮೇಲೆ ಕೂರಿಸಿದಳು. "ನೀನು ಇಲ್ಲೇ ಇರು. ಧೈರ್ಯ ಇರುತ್ತೆ. ಕ್ಯಾಮೆರಾಗೆ ಕಾಣಲ್ಲ."

ಹನ್ನೊಂದು ಗಂಟೆಗೆ ಕಂಪ್ಯೂಟರಿನಲ್ಲಿ ಇಬ್ಬರು ಬಂದರು. ಒಬ್ಬರು ಕನ್ನಡಕದ ದೊಡ್ಡ ಸಾಹೇಬರು. ಇನ್ನೊಬ್ಬಳು ತುಟಿ ಹುಡುಗಿ. ತಾನೇ ಕೂರುತ್ತೇನೆ ಅಂತ ಅವಳು ಮೊದಲು ಹೇಳಿರಲಿಲ್ಲ. ಟೀಚರಮ್ಮ ಅವಳನ್ನು ನೋಡಿ ನಸುನಕ್ಕಳು. ನಮ್ಮವಳೇ ಇದ್ದಾಳಲ್ಲ ಅಂತ ನನಗೂ ಸಮಾಧಾನವಾಯಿತು.

ಸಾಹೇಬರು ಪ್ರಶ್ನೆ ಕೇಳಿದರು. ಟೀಚರಮ್ಮ ಸುಮ್ಮನಿದ್ದಳು. ಯಾಕೆ ಸುಮ್ಮನಿದ್ದಾಳೆ ಅಂತ ನಾನು ಮಂಚದ ತುದಿಗೆ ಸರಿದೆ. ಆಮೇಲೆ ಶುರು ಮಾಡಿದಳು. ಎರಡನೇ ಪ್ರಶ್ನೆಗೂ ಹಾಗೇ. ಆಗ ನನಗೆ ತಿಳಿಯಿತು. ಒಂದು, ಎರಡು, ಮೂರು ಎಣಿಸುತ್ತಿದ್ದಳು. ಇನ್ನೊಬ್ಬಳ ತುಟಿಗೆ ಕಾಯುವ ಅಭ್ಯಾಸ ನಾಲಿಗೆಗೆ ಹತ್ತಿಬಿಟ್ಟಿತ್ತು. ಮಾತೂ ಅದೇ ಏರಿಳಿತವಿಲ್ಲದ ಮಾತು, ಓದಿ ಒಪ್ಪಿಸಿದ ಹಾಗೆ. ಕಣ್ಣು ಕ್ಯಾಮೆರಾ ಕಡೆ ಇಲ್ಲ, ಕೆಳಗೆ ಫೋನ್ ಇರುವ ಕಡೆ. ನಾನು ಕೈಸನ್ನೆ ಮಾಡಿದೆ. ಅವಳು ನನ್ನನ್ನು ನೋಡಲಿಲ್ಲ. ಸಾಲದ್ದಕ್ಕೆ ನೆಟ್ ಬೇರೆ ನಿಧಾನ, ಚಿತ್ರ ಮೊದಲು ಮಾತು ಆಮೇಲೆ ಬರುತ್ತಿತ್ತು.

ಸಾಹೇಬರು ಕನ್ನಡಕ ತೆಗೆದರು. ಹತ್ತು ನಿಮಿಷದಿಂದ ಆಡುತ್ತಿದ್ದ ಇಂಗ್ಲಿಷ್ ಬಿಟ್ಟು ನಮ್ಮ ಮಾತಿನಲ್ಲೇ ಕೇಳಿದರು. "ಮೇಡಂ, ಮಾತಾಡ್ತಿರೋದು ಯಾರು?"

"ನಾನೇ ಸರ್."

"ನಿಮ್ಮ ತುಟಿಗೂ ಮಾತಿಗೂ ಹೊಂದ್ತಿಲ್ಲ. ಇಂಥದ್ದು ಬೇಕಾದಷ್ಟು ನೋಡಿದ್ದೀವಿ. ಸ್ವಲ್ಪ ರೂಮ್ ತೋರಿಸ್ತೀರಾ?"

ಅವಳು ಕಂಪ್ಯೂಟರ್ ಎತ್ತಿ ರೂಮಿನ ಸುತ್ತ ತಿರುಗಿಸಿದಳು. ಬೀರು, ಕಿಟಕಿ, ಹಗ್ಗದ ಮೇಲಿನ ಟವೆಲ್, ಆಮೇಲೆ ಮಂಚದ ಮೇಲೆ ನಾನು. ಕೈಸನ್ನೆಗೆ ಎತ್ತಿದ ಕೈ ಇನ್ನೂ ಮೇಲೇ ಇತ್ತು.

"ಅವರು ಯಾರು?"

"ನಮ್ಮ ದೊಡ್ಡಮ್ಮ ಸರ್. ಅವರಿಗೆ ಇದೆಲ್ಲ ಗೊತ್ತಿಲ್ಲ, ನಾಲ್ಕನೇ ಕ್ಲಾಸು."

"ಯಾರೂ ಇರಬಾರದು ಅಂತ ಮೊದಲೇ ತಿಳಿಸಿದ್ವಲ್ಲ?"

"ಸರ್, ಬೇಕಾದ್ರೆ ಈಗಲೇ ಆಫೀಸಿಗೆ ಬರ್ತೀನಿ. ಎದುರಿಗೇ ಕೂತು ಹೇಳ್ತೀನಿ. ಒಂದು ಗಂಟೆ ಸಾಕು."

ಸಾಹೇಬರು ಪಕ್ಕಕ್ಕೆ ತಿರುಗಿ ತುಟಿ ಹುಡುಗಿಯನ್ನು ಕೇಳಿದರು. "ರೆಸ್ಯೂಮೆ ಕೊಟ್ಟಿದ್ದು ನೀವಲ್ವಾ? ಇವರ ಕೆಲಸ ನಿಮಗೆ ಗೊತ್ತಾ?"

ಟೀಚರಮ್ಮ ಕಂಪ್ಯೂಟರಿನ ಪರದೆಯನ್ನು ನೋಡುತ್ತಾ ಕೂತಳು. ನಾನೂ ನೋಡಿದೆ. ಈ ಸಲ ಆ ಹುಡುಗಿಯ ತುಟಿಯೂ ಅಲ್ಲಾಡಿತು, ಗಂಟಲೂ ಅಲ್ಲಾಡಿತು. "ಇಲ್ಲ ಸರ್. ಪರಿಚಯದವರು ಕೊಟ್ಟಿದ್ರು, ಕಳಿಸಿದೆ ಅಷ್ಟೆ."

ಮಧ್ಯಾಹ್ನ ಎರಡಕ್ಕೆ ಮೇಲ್ ಬಂತು. ನಿಮ್ಮನ್ನು ಪರಿಗಣಿಸಲು ಆಗುವುದಿಲ್ಲ, ಇನ್ನು ಎರಡು ವರ್ಷ ಈ ಕಂಪನಿಗೆ ಅರ್ಜಿ ಹಾಕುವಂತಿಲ್ಲ ಅಂತ. ಟೀಚರಮ್ಮ ಅದನ್ನು ನನಗೆ ಓದಿ ಹೇಳಿದಳು. ಅಳಲಿಲ್ಲ. "ಸಿಕ್ಕಿಬಿದ್ದೆ ದೊಡ್ಡಮ್ಮ. ನಾಲ್ಕು ಸಲ ಮೋಸ ಮಾಡಿದಾಗ ಸಿಕ್ಕಿಬೀಳಲಿಲ್ಲ. ನಾನೇ ಮಾತಾಡಿದಾಗ ಸಿಕ್ಕಿಬಿದ್ದೆ." ಊಟ ಬೇಡ ಅಂದಳು. ನಾನು ಬಲವಂತ ಮಾಡಲಿಲ್ಲ. ಬಲವಂತ ಮಾಡುವ ಮುಖ ನನಗಿರಲಿಲ್ಲ.

ನಾಲ್ಕು ಗಂಟೆಗೆ ತುಟಿ ಹುಡುಗಿಯ ಫೋನ್. ಟೀಚರಮ್ಮ ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟಳು.

"ಅಕ್ಕ, ಬೈರಿ, ಎಷ್ಟು ಬೇಕಾದ್ರೂ ಬೈರಿ. ಗೊತ್ತು ಅಂದಿದ್ರೆ ಹೇಗೆ ಗೊತ್ತು ಅಂತ ಕೇಳ್ತಿದ್ರು. ನಾನೇನು ಹೇಳ್ಲಿ?"

"ಒಟ್ಟಿಗೆ ಕೆಲಸ ಮಾಡಿದ್ದೀವಿ ಅನ್ನಬಹುದಿತ್ತು. ಅದು ಸುಳ್ಳಲ್ಲ."

"ಎಲ್ಲಿ, ಯಾವಾಗ ಅಂತಿದ್ರು ಅಕ್ಕ." ಆಮೇಲೆ ತಾನೇ ಮುಂದುವರಿಸಿದಳು, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಒಳಗೆ ಬಂದ್ರೆ, ನಂಗೆ ಏನೂ ಬರಲ್ಲ ಅಂತ ಒಂದೇ ವಾರಕ್ಕೆ ಎಲ್ಲರಿಗೂ ಗೊತ್ತಾಗ್ತಿತ್ತು. ನಂಗೆ ಭಯ ಆಯ್ತು."

ಅಷ್ಟು ನಿಜ ಅವಳು ಹೇಳಿದಳು. ಅದಕ್ಕೆ ನಾನು ಅವಳನ್ನು ಪೂರ್ತಿ ಶಪಿಸಲಾರೆ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. "ಅಕ್ಕ, ಇವತ್ತಿನ ಕೆಲಸ ಆರು ಗಂಟೆಗೆ ಕೊಡಬೇಕು. ನಾನಿನ್ನೂ ತೆರೆದೇ ಇಲ್ಲ."

ನಾನು ತಲೆ ಅಲ್ಲಾಡಿಸಿದೆ. ಬೇಡ ಅಂತ ಬಾಯಲ್ಲೂ ಹೇಳಿದೆ. ಟೀಚರಮ್ಮ ಫೋನನ್ನೇ ನೋಡುತ್ತಿದ್ದಳು. "ಕಳಿಸು" ಅಂದಳು.

ಫೋನ್ ಇಟ್ಟ ಮೇಲೆ ನಾನು ಕೇಳಿದೆ, "ನಿಂಗೆ ಮಾನ ಮರ್ಯಾದೆ ಇಲ್ವೇನೇ?"

"ಆ ಕಂಪನಿ ಕೆಲಸ ಎರಡು ವರ್ಷದಿಂದ ಮಾಡ್ತಿರೋದು ನಾನು. ಬಿಟ್ಟರೆ ಅದೂ ಹೋಗುತ್ತೆ."

ಇದಾಗಿ ಎಂಟು ತಿಂಗಳಾಯಿತು. ಅವಳು ತನ್ನ ಹೆಸರಿನಲ್ಲಿ ಎಲ್ಲಿಗೂ ಅರ್ಜಿ ಹಾಕಿಲ್ಲ. ಹಾಕು ಅಂತ ನಾನೂ ಹೇಳಿಲ್ಲ. ನಾನು ಕೊಟ್ಟ ಸಲಹೆಗಳು ಸಾಕು.

ಹೋದ ವಾರ ತುಟಿ ಹುಡುಗಿಗೆ ಹೊಸ ಜವಾಬ್ದಾರಿ ಕೊಟ್ಟಿದ್ದಾರಂತೆ. ಕೆಲಸಕ್ಕೆ ಬರುವವರಿಗೆ ಕೇಳುವ ಪ್ರಶ್ನೆಗಳನ್ನು ಇನ್ನು ಮುಂದೆ ಅವಳೇ ತಯಾರು ಮಾಡಬೇಕು. ಟೀಚರಮ್ಮ ಎರಡು ದಿನ ಕೂತು ನಲವತ್ತು ಪ್ರಶ್ನೆ ಬರೆದಳು. ತಂಗಿ ಹೋದ ಮೇಲೆ ಅವಳು ಅಷ್ಟು ಮನಸ್ಸಿಟ್ಟು ಕೂತದ್ದನ್ನು ನಾನು ನೋಡಿರಲಿಲ್ಲ. ಮಾರನೆಯ ದಿನ ಫೋನ್ ಬಂತು.

"ಅಕ್ಕ, ಇಷ್ಟು ಕಷ್ಟದ್ದು ಬೇಡ, ನಂಗೇ ಅರ್ಥ ಆಗ್ಲಿಲ್ಲ. ಸ್ವಲ್ಪ ಹಗುರ ಮಾಡಿ. ಉತ್ತರಾನೂ ಪಕ್ಕದಲ್ಲಿ ಬರೆದುಬಿಡಿ, ಅವರು ಹೇಳಿದ್ದು ಸರಿಯೋ ತಪ್ಪೋ ನಂಗೆ ಗೊತ್ತಾಗಬೇಕಲ್ಲ."

ಟೀಚರಮ್ಮ ಆಗಲಿ ಅಂದಳು. ಈಗ ಅದನ್ನೇ ಬರೆಯುತ್ತಿದ್ದಾಳೆ. ನಾನು ಟೀ ತಂದಿಟ್ಟು ಹತ್ತು ನಿಮಿಷವಾಯಿತು, ಮುಟ್ಟಿಲ್ಲ.