ನನ್ನ ಹೊಡೆತವನ್ನು ನುಂಗಿದ ಬಿಳಿ ದೀಪ

ನಮ್ಮ ಕಡೆ ಫೆನ್ಸಿಂಗ್ ಎಂದರೆ ತೋಟಕ್ಕೆ ಕಲ್ಲುಕಂಬ ನೆಟ್ಟು ತಂತಿ ಎಳೆಯುವುದು. ನಾನು ಫೆನ್ಸಿಂಗ್ ಆಡುತ್ತೇನೆ ಎಂದಾಗ ಚಿಕ್ಕಮ್ಮ, "ಅದಕ್ಕೆ ಆಳು ಸಿಗಲ್ವೇನೇ?" ಎಂದು ಕೇಳಿದ್ದಳು. ಕತ್ತಿವರಸೆ ಎಂದು ಬಿಡಿಸಿ ಹೇಳಿದ ಮೇಲೆ ಇನ್ನೂ ಜೋರಾಗಿ ನಕ್ಕಳು.

ನನಗೆ ಅದನ್ನು ಕಲಿಸಿದವರು ತಿಪಟೂರಿನ ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಸಭಾಂಗಣದ ಬೆಂಚುಗಳನ್ನು ಗೋಡೆಗೆ ಒತ್ತರಿಸಿ ನಮ್ಮನ್ನು ಆಡಿಸುತ್ತಿದ್ದರು. ಆಮೇಲೆ ಅವರಿಗೆ ತುರುವೇಕೆರೆಗೆ ವರ್ಗವಾಯಿತು. ಅಲ್ಲಿದ್ದುಕೊಂಡೇ ರೆಫರಿ ಪರೀಕ್ಷೆ ಪಾಸು ಮಾಡಿದರು. ನಾನು ಕಾಲೇಜಿನಲ್ಲಿದ್ದಾಗ ರಾಜ್ಯ ತಂಡದ ಆಯ್ಕೆ ಪಂದ್ಯಗಳು ತುಮಕೂರಿನಲ್ಲಿ ನಡೆದವು. ನನ್ನ ಕೊನೆಯ ಪಂದ್ಯಕ್ಕೆ ರೆಫರಿಯಾಗಿ ಬಂದು ನಿಂತವರು ಅವರೇ. ನನಗೆ ಧೈರ್ಯ ಬಂತು. ನಮ್ಮ ಮೇಷ್ಟ್ರ ಕಣ್ಣು ತಪ್ಪಲಾರದು ಎಂಬ ಧೈರ್ಯ ಅದು, ಬೇರೇನಲ್ಲ.

ಅಪ್ಪನೂ ಬಂದಿದ್ದರು. ಹರಾಜಿಗೆ ಕೊಬ್ಬರಿ ಒಯ್ಯುವ ಕೆಲಸವನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಪಂಚೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು.

ಎದುರಾಳಿಯೂ ನಾನೂ ಸಮಸಮ ಬಂದೆವು. ಇನ್ನೊಂದು ಪಾಯಿಂಟ್ ಯಾರಿಗೆ ಸಿಕ್ಕರೆ ತಂಡದಲ್ಲಿ ಅವರಿಗೆ ಜಾಗ. ನಾನು ಕೈ ಚಾಚಿ ಮುನ್ನುಗ್ಗಿದೆ. ಅವಳು ಹಿಂದೆ ಸರಿಯುತ್ತಿದ್ದವಳು, ನನ್ನ ಕತ್ತಿ ಮೈಗೆ ಬರುವ ಹೊತ್ತಿಗೆ ಸುಮ್ಮನೆ ತನ್ನದನ್ನೂ ಮುಂದೆ ಹಿಡಿದಳು. ನನ್ನ ಮೊನೆ ಅವಳ ಎದೆಗೆ ತಾಗಿತು, ಅವಳದು ನನ್ನ ತೋಳಿಗೆ. ನನ್ನ ಕಡೆ ಹಸಿರು ದೀಪ ಹತ್ತಿತು, ಅವಳ ಕಡೆ ಬಿಳಿಯದು. ಗೆದ್ದೆನೆಂದು ನಾನು ಮಾಸ್ಕ್ ತೆಗೆದೇಬಿಟ್ಟೆ.

ಮೇಷ್ಟ್ರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಅವಳ ಕಡೆ ಕೈ ತೋರಿಸಿ, "ಅಟ್ಯಾಕ್ ಈ ಕಡೆಯಿಂದ. ಆಫ್ ಟಾರ್ಗೆಟ್. ಪಾಯಿಂಟ್ ಇಲ್ಲ" ಎಂದರು.

ಮತ್ತೆ ಆಡಿಸಿದರು. ಅವಳು ಹೊಡೆದಳು, ಗೆದ್ದಳು. ನಮ್ಮ ಜಿಲ್ಲಾ ತಂಡದ ಮ್ಯಾನೇಜರ್ ಬಳಿ ಓಡಿದೆ. "ರೂಲ್ ತಪ್ಪಾಗಿದ್ರೆ ಕೇಳ್ಬೋದು ಕಣಮ್ಮ. ಅವರ ಕಣ್ಣಿಗೆ ಏನ್ ಕಾಣ್ತು ಅನ್ನೋದಕ್ಕೆ ಅಪೀಲಿಲ್ಲ" ಎಂದು ಕತ್ತಿಗಳನ್ನು ಚೀಲಕ್ಕೆ ತುಂಬತೊಡಗಿದರು.

ಬಸ್ಸು ಗುಬ್ಬಿ ದಾಟಿತು. ಅಪ್ಪ ಕೇಳಿದರು, "ನಿನ್ನ ದೀಪಾನೂ ಹತ್ತಿತಲ್ಲವ್ವ?"

"ಹತ್ತಿತಪ್ಪ. ನಾವಾಡೋದ್ರಲ್ಲಿ ಮೈಗೆ ಬಿದ್ರೆ ಮಾತ್ರ ಲೆಕ್ಕ. ಕೈಗೋ ಕಾಲಿಗೋ ಬಿದ್ರೆ ಬಿಳಿ ದೀಪ, ಪಾಯಿಂಟಿಲ್ಲ."

"ಅವಳದು ಕೈಗೆ ಬಿತ್ತು. ನಿಂದು ಎದೆಗೆ ಬಿತ್ತು. ಮತ್ತೆ?"

"ಮೊದಲು ಅಟ್ಯಾಕ್ ಮಾಡಿದೋಳು ಅವಳೇ ಅಂತ ರೆಫರಿ ಹೇಳಿದ್ರೆ, ಅವಳ ಹೊಡೆತ ಎಲ್ಲೇ ಬೀಳ್ಲಿ, ನಂದು ಅಲ್ಲಿಗೇ ಸತ್ತಂಗೆ."

"ಮೊದ್ಲು ಹೋದೋಳು ನೀನಲ್ವಾ?"

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಕಿಬ್ಬನಹಳ್ಳಿಯಲ್ಲಿ ಇಳಿದಾಗ ಅಪ್ಪನೇ ಸಮಾಧಾನ ಹೇಳಿದರು: "ಬುಡು. ಮೇಷ್ಟ್ರು ನಿಯತ್ತಿನ ಮನುಷ್ಯ ಕಣವ್ವ. ಕಲಿಸಿದ ಮಗು ಅಂತಾನೂ ನೋಡ್ಲಿಲ್ಲ." ಅದನ್ನೇ ಊರಿನಲ್ಲೂ ಹೇಳಿಕೊಂಡು ಬಂದರು. ಮದುವೆ ಮನೆಗಳಲ್ಲಿ, ಹಾಲಿನ ಡೈರಿಯ ಮುಂದೆ, ನನ್ನ ಸೋಲು ಮೇಷ್ಟ್ರ ನ್ಯಾಯದ ಕಥೆಯಾಗಿ ತಿರುಗಾಡಿತು. ಕ್ರಮೇಣ ನನಗೂ ಅನುಮಾನ ಹತ್ತಿತು: ನಿಜಕ್ಕೂ ನಾನು ತಡವಾಗಿ ಕೈ ಚಾಚಿದೆನೋ ಏನೋ. ಮುಂದೆ ನಾನು ಆಯ್ಕೆಗೆ ಹೋಗಲಿಲ್ಲ.

ಹೋದ ವರ್ಷ ತುರುವೇಕೆರೆಯಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಮೇಷ್ಟ್ರು ಪಕ್ಕಕ್ಕೇ ಬಂದು ಕೂತರು. ಕೂದಲೆಲ್ಲ ಬೆಳ್ಳಗಾಗಿತ್ತು. ಮಕ್ಕಳು, ಮನೆ ಎಂದು ವಿಚಾರಿಸಿದರು. ಪಾಯಸ ಬಡಿಸಿ ಹೋದ ಮೇಲೆ, ಎಲೆಯನ್ನೇ ನೋಡುತ್ತಾ ಹೇಳಿದರು:

"ಅವತ್ತಿಂದು ನಿನ್ನ ಪಾಯಿಂಟೇ ಕಣಮ್ಮ. ನಂಗೆ ಕಾಣ್ತು."

ನನ್ನ ಕೈ ಎಲೆಯ ಮೇಲೆಯೇ ನಿಂತಿತು. "ಮತ್ಯಾಕೆ ಸಾರ್?"

"ತನ್ನೂರ ಹುಡ್ಗಿ ಅಂತ ಪಾಯಿಂಟ್ ಕೊಟ್ಟ ಅಂತ ಜನ ಅಂತಿದ್ರು. ನಾನು ಹೊಸದಾಗಿ ರೆಫರಿ ಆಗಿದ್ದೆ. ಹೆಂಗೂ ಇನ್ನೊಂದು ಹೊಡೆದು ನೀನೇ ಗೆಲ್ತೀಯ ಅಂದ್ಕಂಡೆ."

"ನಾನು ಬೇರೆ ಊರೋಳಾಗಿದ್ರೆ?"

"ಕೊಡ್ತಿದ್ದೆ" ಎಂದರು. ಸ್ವಲ್ಪವೂ ತಡವರಿಸಲಿಲ್ಲ. ಹೇಳಿದ್ದರಿಂದ ಅವರಿಗೆ ಹಗುರವಾದಂತಿತ್ತು. ಹಪ್ಪಳ ಮುರಿದುಕೊಂಡು ಊಟ ಮುಂದುವರಿಸಿದರು. ನಾನು ಎಲೆ ಮಡಿಸಿ ಎದ್ದೆ. ಪಂಕ್ತಿಯ ನಡುವೆ ಹಾಗೆ ಏಳಬಾರದು ಎಂದು ಯಾರೋ ಹಿರಿಯರು ಗದರಿದರು.

ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು, "ಇಷ್ಟು ವರ್ಷ ಆದ್ಮೇಲಾದ್ರೂ ಒಪ್ಕಂಡ್ರಲ್ಲ, ದೊಡ್ಡ ಮನಸ್ಸು ಕಣವ್ವ" ಎಂದರು.

ಮೇಷ್ಟ್ರ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ನನಗೆ ಅಪ್ಪನ ಮೇಲೆ ಬಂತು. ಇನ್ನೂ ಇಳಿದಿಲ್ಲ.