ಟೈಟನ್ ದಡದ ಹಸಿರು ಗಾಜು

ಕನ್ನಡ ಪತ್ರಿಕೆಯನ್ನು ಅನ್ವರ್ ಸಾಹೇಬರಷ್ಟು ಗಮನವಿಟ್ಟು ನೋಡುವವರನ್ನು ನಾನು ಕಂಡಿಲ್ಲ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಗಂಗಾನಗರದ ಅಡ್ಡರಸ್ತೆಯೊಂದರಲ್ಲಿ ಮೀನು ಸಾಕುವ ಗಾಜಿನ ತೊಟ್ಟಿ ಮಾಡುವ ಅಂಗಡಿ ಅವರದು. ಹೊಸ ತೊಟ್ಟಿಯ ಅಡಿಗೆ ಹಳೆಯ ಪತ್ರಿಕೆ ಹಾಸಿ, ನೀರು ತುಂಬಿಸಿ, ಮೂರು ದಿನ ಬಿಡುತ್ತಿದ್ದರು. ಬೆಳಿಗ್ಗೆ ಬಂದವರೇ ಕನ್ನಡಕ ಹಣೆಗೇರಿಸಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಪತ್ರಿಕೆಯ ಅಂಚು ನೋಡುತ್ತಿದ್ದರು. ಸಾಸಿವೆ ಕಾಳಿನಷ್ಟು ತೇವ ಕಂಡರೂ ತೊಟ್ಟಿ ಬಿಚ್ಚಿ ಮತ್ತೆ ಅಂಟಿಸುತ್ತಿದ್ದರು. ಅವಸರ ಮಾಡಿದವರಿಗೆ ಒಂದೇ ಉತ್ತರ: "ನೀರಿಗೆ ಅರ್ಜೆಂಟ್ ಇಲ್ಲ ಸಾರ್. ಅದು ಕಾಯ್ತದೆ. ನೀವೂ ಕಾಯಿರಿ."

ನನಗೆ ಬೇಕಿದ್ದದ್ದು ಆರು ಅಡಿಯ ತೊಟ್ಟಿ.

"ಯಾವ ಮೀನು?" ಎಂದು ಕೇಳಿದರು.

"ಮೀನಿಲ್ಲ ಅಂಕಲ್. ಮರಳು ಹಾಕಿ ದಡ ಮಾಡ್ಬೇಕು."

"ಮೀನಿಲ್ಲದೆ ಆರಡಿ?" ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮನೇಲಿ ಹೇಳಿದೀರಾ?"

ನನ್ನ ಸಂಶೋಧನೆ ಶನಿಗ್ರಹದ ಚಂದ್ರ ಟೈಟನ್ ಬಗ್ಗೆ. ಅಲ್ಲಿನ ಚಳಿಗೆ ಮೀಥೇನ್ ಅನಿಲವೇ ದ್ರವವಾಗಿ ಸಮುದ್ರದಂತೆ ನಿಂತಿದೆ. ಆ ಸಮುದ್ರಗಳ ದಡವನ್ನು ಅಲೆಗಳು ಕೊರೆದಿವೆಯೋ, ದಡ ತಾನಾಗಿ ಕರಗಿದೆಯೋ ಎಂಬುದು ನನ್ನ ಪ್ರಶ್ನೆ. ಅಲೆ ಕೊರೆದರೆ ಮುಂದೆ ಚಾಚಿದ ಭೂಮಿ ಮೊಂಡಾಗುತ್ತದೆ, ಒಳಗಿನ ತಿರುವುಗಳು ಉಳಿಯುತ್ತವೆ. ಕರಗಿದರೆ ಎಲ್ಲ ಕಡೆಯೂ ಸವೆಯುತ್ತದೆ. ಇದನ್ನು ಅನ್ವರ್ ಸಾಹೇಬರಿಗೆ ವಿವರಿಸಿದಾಗ, ಅವರು ನನ್ನ ಮಾರ್ಗದರ್ಶಕರಿಗಿಂತ ಬೇಗ ಒಪ್ಪಿಕೊಂಡರು. ಅಲೆ ಎಬ್ಬಿಸಲು ಹಳೆಯ ಕಾರಿನ ವೈಪರ್ ಮೋಟಾರು ಹುಡುಕಿ ತಂದವರು ಅವರೇ. ಕರಗುವ ದಡಕ್ಕೆ ನಾನು ಉಪ್ಪು ಬಳಸಬೇಕೆಂದಿದ್ದೆ.

"ಉಪ್ಪು ಪುಡಿಪುಡಿ ಆಗ್ತದೆ ಮೇಡಂ. ಬೆಲ್ಲ ತಗೊಳ್ಳಿ. ಬೆಲ್ಲ ಮರ್ಯಾದೆಯಿಂದ ಕರಗ್ತದೆ."

ಅವರು ಹೇಳಿದಂತೆಯೇ ಕರಗಿತು. ಇರುವೆಗಳೂ ಬಂದವು. ಪ್ರಯೋಗಾಲಯದ ಗೋಡೆಯ ಮೇಲಿನ ಆ ಸಾಲನ್ನು ನೋಡಿ, "ನಿಮ್ಮ ಚಂದ್ರನಲ್ಲಿ ಇವೂ ಇದಾವಾ?" ಎಂದು ಗಂಭೀರವಾಗಿ ಕೇಳಿದರು.

ಅಲೆಯ ಪ್ರಯೋಗಕ್ಕೆಂದು ನಾನು ಒದ್ದೆ ಮರಳಿನಲ್ಲಿ ದಡ ಕಟ್ಟಿದ ದಿನವೂ ಅವರು ಬಂದಿದ್ದರು. ಟೈಟನ್ ನಕ್ಷೆಯಲ್ಲಿದ್ದಂತೆ ಒಂದು ನದಿಯ ಬಾಯಿ, ಅದರ ಒಳಗೆ ಒಂದು ತಿರುವು. ಅವರು ಬಗ್ಗಿ ಆ ತಿರುವನ್ನೇ ನೋಡಿದರು. ಆಮೇಲೆ ತಂಗಿಯ ವಿಷಯ ಹೇಳಿದರು. ಜೈಬುವನ್ನು ಕರಾವಳಿಯ ಒಂದು ಊರಿಗೆ ಕೊಟ್ಟಿದ್ದರಂತೆ. ಅಲ್ಲೇ ತೀರಿಹೋದಳಂತೆ.

"ಖಬರಸ್ತಾನ ಸಮುದ್ರದ ಪಕ್ಕಾನೇ. ಮೊದಲು ತೆಂಗಿನ ಮರ ಹೋದ್ವು. ಆಮೇಲೆ ಕಾಂಪೌಂಡು. ಈ ಮಳೆಗಾಲ ಮೊದಲನೇ ಸಾಲು ಗೋರಿ ಹೋಯ್ತು. ಜೈಬು ಒಳಗಡೆ ಇದಾಳೆ, ಹೊಳೆ ತಿರುಗೋ ಕಡೆ. ಇಂಗೇನೇ ಇದೆ ಜಾಗ."

ಅಂಗಿಯ ಜೇಬಿನಿಂದ ಒಂದು ಹಸಿರು ಗಾಜಿನ ಚೂರು ತೆಗೆದರು. ಕೈ ಕೊಯ್ಯದಂತೆ ಅದರ ಅಂಚನ್ನು ಉಜ್ಜಿ ತಂದಿದ್ದರು. ಅದನ್ನು ನನ್ನ ದಡದ ಒಳತಿರುವಿನಲ್ಲಿ ನೆಟ್ಟರು.

"ಇಲ್ಲಿ. ಉಳೀತಾಳಾ ಹೇಳಿ."

ಇದು ಬೇರೆ ಲೋಕದ ದಡ, ನಿಮ್ಮ ಊರಿನ ಸಮುದ್ರದ ಬಗ್ಗೆ ಇದರಿಂದ ಏನೂ ಹೇಳಲಾಗದು ಎಂದೆ.

"ಗೊತ್ತು ಮೇಡಂ. ಆದ್ರೂ ನೋಡಿ ಹೇಳಿ."

ಮೂರು ಸಲ ಮಾಡುತ್ತೇನೆ, ಮೂರು ಸಲವೂ ಒಂದೇ ಉತ್ತರ ಬಂದರೆ ಮಾತ್ರ ಹೇಳುತ್ತೇನೆ ಎಂದೆ. ಅವರು ತಕ್ಷಣ ತಲೆಯಾಡಿಸಿದರು. "ಸರಿ. ಮೂರು. ನಮ್ದೂ ಅದೇ ಪದ್ಧತಿ."

ಮೊದಲ ಸಲ ಮೋಟಾರು ಒಂಬತ್ತು ದಿನ ಓಡಿತು. ಚಾಚಿದ ಭೂಮಿ ಕುಸಿದು ಮೊಂಡಾಯಿತು. ಹಸಿರು ಚೂರು ನೆಟ್ಟಲ್ಲೇ ನಿಂತಿತ್ತು. ಹತ್ತನೆಯ ದಿನ ಅವರ ಫೋನ್ ಬಂತು.

"ತೊಟ್ಟಿ ಸೋರ್ತಾ ಇದೆಯಾ ಮೇಡಂ?"

"ಇಲ್ಲ ಅಂಕಲ್, ಸೋರ್ತಿಲ್ಲ."

"ಮತ್ತೆ?"

"ಇನ್ನೂ ಹೇಳಕ್ಕಾಗಲ್ಲ."

"ಆಯ್ತು, ಆಯ್ತು."

ಎರಡನೆಯ ಸಲವೂ ಚೂರು ನಿಂತಿತು. ಆಗಲೂ ಅವರು ಸೋರುವ ವಿಷಯ ಕೇಳಿದರು. ನಾನು ಸೋರುವ ವಿಷಯವನ್ನಷ್ಟೇ ಹೇಳಿದೆ.

ಮೂರನೆಯ ಸಲ ಮೋಟಾರು ಹಾಕಿದ ಮೇಲೆ, ಗಾಜಿಗೆ ಹಚ್ಚುವ ಅಂಟು ತರಲು ಅಂಗಡಿಗೆ ಹೋದೆ. ಸಾಹೇಬರು ಸ್ಟೂಲಿನ ಮೇಲೆ ಕೂತಿದ್ದರು, ಮುಖ ಬಿಳಿಚಿತ್ತು. ಮೂಲೆಯಲ್ಲಿ ಒಂದು ತೊಟ್ಟಿ, ಅದರಡಿ ಪತ್ರಿಕೆ.

"ಬಗ್ಗಿದ್ರೆ ಉಸಿರು ಕಟ್ತದೆ. ಸ್ವಲ್ಪ ನೋಡಿ ಹೇಳಿ. ನಿಮಗೆ ಓದೋಕೂ ಬರ್ತದೆ."

ನಾನು ನೆಲಕ್ಕೆ ಕೆನ್ನೆ ಹಚ್ಚಿ ನಾಲ್ಕೂ ಅಂಚು ನೋಡಿದೆ.

"ಒಣಗೇ ಇದೆ ಅಂಕಲ್."

"ಪಕ್ಕಾ?"

"ಪಕ್ಕಾ."

ಅವರ ಮುಖ ಅರಳಿತು. ನನ್ನಿಂದ ಆ ಪದ ಅವರಿಗೆ ಸಿಕ್ಕಿದ್ದು ಅದೊಂದೇ ಸಲ. ಮೆಟ್ಟಿಲಿಳಿಯುವಾಗ ಹೇಳಿಬಿಡಲೇ ಅನ್ನಿಸಿತು: ಎರಡು ಸಲವೂ ಜೈಬು ಅಲುಗಲಿಲ್ಲ ಎಂದು. ಇನ್ನು ಆರೇ ದಿನ, ಪೂರ್ತಿ ಉತ್ತರವನ್ನೇ ಕೊಡೋಣ ಎಂದುಕೊಂಡು ಬಸ್ಸು ಹತ್ತಿದೆ. ಅವರು ಅಷ್ಟು ಕಾಯುತ್ತಾರೆಂದು ನನಗೆ ಅನುಮಾನವೇ ಇರಲಿಲ್ಲ. ಕಾಯುವುದನ್ನು ಅವರಷ್ಟು ಬಲ್ಲವರು ಯಾರಿದ್ದರು?

ಗುರುವಾರ ಬೆಳಿಗ್ಗೆ ಮೋಟಾರು ನಿಲ್ಲಿಸಿದೆ. ನೀರು ತಿಳಿಯಾಗುವವರೆಗೆ ನಿಂತು ನೋಡಿದೆ. ಹಸಿರು ಚೂರು ಅಲ್ಲೇ ಇತ್ತು. ಕೈ ಒರೆಸಿಕೊಂಡು ಫೋನ್ ಮಾಡಿದೆ. ಎತ್ತಿದ್ದು ಹೆಣ್ಣು ದನಿ. ತಾನು ಮಗಳು ನಸ್ರೀನ್ ಎಂದಳು. ಸೋಮವಾರ ಅಬ್ಬಾ ಹೋಗಿಬಿಟ್ಟರು, ಹೃದಯ ನಿಂತಿತು ಎಂದಳು.

ಆಮೇಲೆ ಅವಳೇ ಕೇಳಿದಳು.

"ನೀವು ಆ ದೊಡ್ಡ ತೊಟ್ಟಿ ಮೇಡಮ್ಮಾ? ಭಾನುವಾರಾನೂ ಕೇಳಿದ್ರು, ಮೇಡಂ ಫೋನ್ ಬಂತಾ ಅಂತ. ಏನಾದ್ರೂ ಸೋರ್ತಾ ಇತ್ತಾ?"

"ಇಲ್ಲ," ಎಂದೆ. "ಏನೂ ಸೋರ್ತಿರ್ಲಿಲ್ಲ."